ಅವ್ವ ಹೇಳಿದ ಸೀರಿಯಲ್ಲು

ನಮ್ಮ ಅವ್ವನ ಎದೆಯಲ್ಲಿ ಗಂಟಿದೆ ಎಂದು ನಮಗೆ ಗೊತ್ತಾದದ್ದು ಒಂದು ಸೀರಿಯಲ್ಲಿನಿಂದ. ಆ ಸೀರಿಯಲ್ಲಿನಲ್ಲಿ ಅಂಥ ಕತೆಯೇ ಇರಲಿಲ್ಲ. ಇದನ್ನು ಹೇಳಿದರೆ ಆಫೀಸಿನಲ್ಲಿ ಎಲ್ಲರೂ ‘ಅದ್ಹೇಗೆ ಮೇಡಂ?’ ಅನ್ನುತ್ತಾರೆ. ಅದು ತಿಳಿಯಬೇಕಾದರೆ ನಮ್ಮ ಮನೆಯವರು ಮಾತಾಡುವ ರೀತಿಯನ್ನು ಮೊದಲು ಹೇಳಬೇಕು. ಮಾತಾಡದೇ ಇರುವ ರೀತಿ ಅಂದರೂ ನಡೆದೀತು.

ನನ್ನ ತವರು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ನಾಲೆ ನೀರಿನ ಊರು, ಭತ್ತ ಬೆಳೆಯುವ ಮನೆ. ಅಪ್ಪ, ಅವ್ವ, ತಮ್ಮ, ತಮ್ಮನ ಹೆಂಡತಿ, ಕಾಲೇಜಿಗೆ ಹೋಗುವ ಅವರ ಮಗಳು ಅಲ್ಲಿದ್ದಾರೆ. ನಾನು ಮದುವೆಯಾಗಿ ನಂಜನಗೂಡಿಗೆ ಬಂದು ಎಷ್ಟೋ ವರ್ಷವಾಯಿತು. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನನಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಭಾನುವಾರ ಬಂತೆಂದರೆ ನಾನು ಹೆಮ್ಮಿಗೆಯ ಬಸ್ಸಿನಲ್ಲಿ. ‘ಇವಳಿಗೆ ಮದುವೆ ಮಾಡಿ ಕಳಿಸಿದ್ದೇ ದಂಡ’ ಎಂದು ನನ್ನ ಗಂಡನೇ ನಗುತ್ತಾನೆ.

ನನಗೆ ಮುಂಗೋಪ. ಕಚೇರಿಗೆ ಬಂದವರು ಸುತ್ತಿ ಬಳಸಿ ಮಾತಾಡಿದರೆ ‘ವಿಷಯಕ್ಕೆ ಬನ್ನಿ’ ಅನ್ನುತ್ತೇನೆ. ಇಂಥ ನಾನು ಹುಟ್ಟಿದ್ದು ಒಬ್ಬರೂ ವಿಷಯಕ್ಕೆ ಬಾರದ ಮನೆಯಲ್ಲಿ. ಜಗಳಗಂಟರ ಮನೆಯಲ್ಲ ನಮ್ಮದು, ಒಬ್ಬರನ್ನು ಕಂಡರೆ ಒಬ್ಬರಿಗೆ ಜೀವ. ಆದರೆ ‘ನನಗೆ ಬೇಜಾರಾಗಿದೆ’, ‘ನನಗೆ ಇದು ಬೇಕು’ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವುದು ನಮ್ಮವರಿಗೆ ಬರುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ‘ಎಮ್ಮೆಗೆ ಉಲ್ಲಾಕುದ್ರಾ?’ ಎಂದು ಕೇಳಿ ಎದ್ದು ಹೋಗುತ್ತಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಗೆ ಟೀವಿ ಬಂತು. ಆಮೇಲೆ ಸಂಜೆಯ ಸೀರಿಯಲ್ಲು ಬಂತು. ಆ ಹೊತ್ತಿಗೆ ನಡುಮನೆಯಲ್ಲಿ ಎಲ್ಲರೂ ಸೇರುವರು. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಲೋ, ಕಾಲಕ್ಕೆ ತಕ್ಕ ಹಾಗೆ ಅವರೆಕಾಯಿ ಸುಲಿಯುತ್ತಲೋ ಕೂರುವಳು. ಅಪ್ಪ ಮಾತ್ರ ಸೀರಿಯಲ್ಲು ನೋಡುವ ಗಂಡಸಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಮುಖವನ್ನು ಬೀದಿಗೆ ಮಾಡಿ ಕೂರುವನು. ಆದರೆ ಯಾರಾದರೂ ಒಂದು ದಿನ ತಪ್ಪಿಸಿಕೊಂಡರೆ, ಕತೆ ಎಲ್ಲಿಗೆ ಬಂತು ಎಂದು ಅಪ್ಪನನ್ನೇ ಕೇಳಬೇಕಾಗಿತ್ತು.

ಜಾಹೀರಾತು ಬಂದಾಗ ನಮ್ಮ ಮನೆಯ ಮಾತು ಶುರುವಾಗುತ್ತಿತ್ತು. ನನ್ನ ಪಿಯುಸಿ ಮುಗಿದಾಗ ಒಂದು ಸಂಬಂಧ ಬಂದಿತ್ತು. ಅಪ್ಪ ಹ್ಞೂಂ ಅನ್ನುವುದರಲ್ಲಿದ್ದ. ನನಗೆ ಓದುವ ಆಸೆ. ನಾನು ಬಾಯಿಬಿಟ್ಟು ಹೇಳಲಿಲ್ಲ, ಅವ್ವನೂ ಅಪ್ಪನಿಗೆ ಹೇಳಲಿಲ್ಲ. ಸೀರಿಯಲ್ಲಿನ ನಡುವೆ ಸೋಪಿನ ಜಾಹೀರಾತು ಬಂದಾಗ ಅವ್ವ ಟೀವಿಯ ಕಡೆಗೇ ಮುಖವಿಟ್ಟುಕೊಂಡು ಅಂದಳು.

“ಆ ಉಡ್ಗೀನ ಓದ್ಸದ್ ಬುಟ್ಟು ಮದ್ವೆ ಮಾಡುದ್ರು. ಈಗ ನೋಡು, ಅತ್ಕೊಂಡ್ ಕೂತವ್ಳೆ. ಅವ್ರಪ್ಪಂಗೆ ಬುದ್ಧಿ ಬ್ಯಾಡ್ವ?”

ಅಪ್ಪ ತಿರುಗಿ ನೋಡಲಿಲ್ಲ. ಬೀದಿಯ ಕಡೆಯಿಂದಲೇ ಮಾತು ಬಂತು.

“ಅವ್ರಪ್ಪಂಗೆ ಯಾರಾರ ಯೋಳುದ್ರಲ್ವ ಗೊತ್ತಾಗದು.”

ಅದಾದ ಮುಂದಿನ ವಾರ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ನರಸೀಪುರದ ಡಿಗ್ರಿ ಕಾಲೇಜಿಗೆ ಸೇರಿಸಿ ಬಂದ. ಯಾಕೆ ಏನು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಸೀರಿಯಲ್ಲಿನಲ್ಲಿ ಓದು ಬಿಟ್ಟು ಅಳುತ್ತಾ ಕೂತ ಹುಡುಗಿಯೇ ಇರಲಿಲ್ಲ. ಅದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಯ ಲೆಕ್ಕ ಅದೇ. ಸೀರಿಯಲ್ಲಿನಲ್ಲಿ ಇಲ್ಲದ್ದನ್ನು ಅವ್ವ ಸೀರಿಯಲ್ಲಿನ ಹೆಸರಿನಲ್ಲಿ ಹೇಳಿದಳೆಂದರೆ ಅದು ಮನೆಯ ವಿಷಯ. ಎಲ್ಲರೂ ಒಂದೇ ಕತೆ ನೋಡುತ್ತಿದ್ದುದರಿಂದ ಯಾವುದು ಅಲ್ಲಿಯದು, ಯಾವುದು ಇಲ್ಲಿಯದು ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಮ್ಮನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಪಾಪ ಕಕ್ಕಾಬಿಕ್ಕಿಯಾಗಿದ್ದಳು. “ಆ ಸೊಸೆ ಕಾಪಿಗೆ ಯೋಟ್ ಸಕ್ರೆ ಆಕ್ತಾಳಪ್ಪ” ಎಂದು ಅವ್ವ ಅಂದರೆ ಟೀವಿಯಲ್ಲಿ ಕಾಫಿ ಎಲ್ಲಿದೆ ಎಂದು ಹುಡುಕುವಳು. ಅವಳು ತಗಡೂರಿನ ಕಡೆಯ ಹುಡುಗಿ, ಚುರುಕು. ತಿಂಗಳು ತುಂಬುವುದರೊಳಗೆ ನಮ್ಮ ಭಾಷೆ ಕಲಿತುಬಿಟ್ಟಳು. ಒಂದು ಸಂಜೆ ಹಬ್ಬದ ಹಿಂದುಮುಂದಿನ ದಿನ, “ಆ ಸೊಸೆಗೂ ಅವ್ರವ್ವನ್ನ ನೋಡ್ಬೇಕು ಅನ್ಸಲ್ವ ಅತ್ತೆ?” ಎಂದು ಅವಳು ಕೇಳಿದಾಗ ಅವ್ವನಿಗೆ ಆದ ಸಂತೋಷ ನನಗಿನ್ನೂ ನೆನಪಿದೆ. ಮಾರನೆಯ ಬೆಳಿಗ್ಗೆಯೇ ತಮ್ಮನಿಗೆ ಹೇಳಿ ಬೈಕಿನಲ್ಲಿ ತವರಿಗೆ ಕಳಿಸಿದಳು.

ಆಮೇಲೆ ಫೋನುಗಳು ಬಂದವು. ಫೋನನ್ನು ಬಯ್ಯುವ ಬಾಯಿ ನನಗಿಲ್ಲ, ಬಸ್ಸಿನಲ್ಲಿ ನಾನೂ ಅದನ್ನೇ ನೋಡುತ್ತಾ ಕೂರುವವಳು. ಮೊದಮೊದಲು ಒಳ್ಳೆಯದೇ ಆಯಿತು ಅನ್ನಿಸಿತ್ತು. ರಿಮೋಟಿಗೆ ಕಿತ್ತಾಟ ನಿಂತಿತು. ತಮ್ಮ ಕಬಡ್ಡಿ, ಕ್ರಿಕೆಟ್ಟನ್ನು ತನ್ನ ಫೋನಿನಲ್ಲೇ ನೋಡಿಕೊಂಡ. ಅವನ ಮಗಳು ಕೊರಿಯಾ ದೇಶದ ಯಾವುದೋ ಕತೆಗೆ ಬಿದ್ದು, ಕೆಳಗೆ ಬರುವ ಅಕ್ಷರ ಓದಿಕೊಂಡು ಒಬ್ಬಳೇ ಅಳುತ್ತಿದ್ದಳು. ಅಪ್ಪನಿಗೆ ತಮ್ಮ ತನ್ನ ಹಳೆಯ ಫೋನು ಕೊಟ್ಟ, ಮೊಮ್ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಅಪ್ಪ ಅದರಲ್ಲಿ ಕುಸ್ತಿ ನೋಡಲು ಶುರುಮಾಡಿದ. ಎಲ್ಲೆಲ್ಲಿಯ ಅಖಾಡಗಳೋ, ಯಾವ ಊರಿನ ಪೈಲ್ವಾನರೋ. ಬಾಗಿಲಲ್ಲಿ ಕೂತೇ ನೋಡುತ್ತಿದ್ದ, ಆದರೆ ಕಿವಿ ಮುಚ್ಚಿತ್ತು.

ತಮ್ಮನ ಹೆಂಡತಿಯೊಬ್ಬಳು ಸೀರಿಯಲ್ಲು ಬಿಟ್ಟಿರಲಿಲ್ಲ. ಆದರೆ ಅವಳ ಫೋನಿನ ಆ್ಯಪಿನಲ್ಲಿ ಆವತ್ತಿನ ಕಂತು ಟೀವಿಗಿಂತ ಮೊದಲೇ ಬರುತ್ತದಂತೆ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಒಲೆಯ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ ಮುಗಿಸಿಬಿಡುವಳು. ಸಂಜೆ ಅವ್ವ ಟೀವಿ ಹಾಕಿ ಕರೆದರೆ, “ಅದ್ ಬೆಳಿಗ್ಗೇನೇ ನೋಡ್ಬುಟ್ಟೆ ಅತ್ತೆ, ನೀವ್ ನೋಡಿ” ಅನ್ನುವಳು. ತಮ್ಮ ಗೋಡೆಯಗಲದ ಹೊಸ ಟೀವಿ ತಂದು ಹಾಕಿದ್ದ. ಅದರ ಮುಂದೆ ಅವ್ವ ಒಬ್ಬಳೇ. ಮನೆಯ ತುಂಬ ಜನ, ಎಲ್ಲರೂ ನಗುತ್ತಲೋ ಅಳುತ್ತಲೋ ಇದ್ದರು, ಒಬ್ಬರ ಜೊತೆ ಇನ್ನೊಬ್ಬರಲ್ಲ. ಆಗ ನನಗೆ ಮನೆ ಎಷ್ಟು ನೆಮ್ಮದಿಯಾಗಿದೆ ಅನ್ನಿಸಿತ್ತು.

ಕಳೆದ ವರ್ಷದ ಅವರೆಕಾಯಿ ಕಾಲ. ಒಂದು ಭಾನುವಾರ ನಾನೂ ಅವ್ವನೂ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಅವ್ವ ಕಾಳಿನಿಂದ ಕಣ್ಣೆತ್ತದೆ ಅಂದಳು.

“ಆ ಸೀರಿಯಲ್‌ನಲ್ಲಿ ಅತ್ತೆ ಅವಳಲ್ಲ, ಆಯಮ್ಮಂಗೆ ಎದೇಲಿ ಗಂಟಾಗದೆ ಕಣ್ ಮಗ. ಯಾರ್ಗೂ ಯೋಳಿಲ್ಲ.”

“ಯಾಕಂತೆ?”

“ನೋಯ್ತಿಲ್ವಲ್ಲ ಅದ್ಕೆ. ಅದೂ ಅಲ್ದೆ ಗದ್ದೆ ಕೆಲ್ಸದ್ ಟೈಮು.”

ಸೀರಿಯಲ್ಲಿನ ಅತ್ತೆಗೆ ಯಾವ ಗದ್ದೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಸೀರಿಯಲ್ಲು ನಾನು ನೋಡುತ್ತಿರಲಿಲ್ಲ. ಈಗ ಹಳ್ಳಿ ಕತೆ ಬರುತ್ತಿರಬೇಕು ಅಂದುಕೊಂಡೆ. “ನೋಯ್ದೆ ಇದ್ರೂ ತೋರಿಸ್ಬೇಕು ಅವ್ವ. ಆಯಮ್ಮ ದಡ್ಡಿ” ಎಂದು ತೀರ್ಪು ಕೊಟ್ಟೆ. “ಅಂಗಾರೆ ತೋರುಸ್ಬೇಕಾ?” ಎಂದು ಕೇಳಿದಳು. ಹ್ಞೂಂ ಅಂದೆ. ಅವ್ವ ಹಿದುಕಿದ ಕಾಳನ್ನು ಬಾಚಿಕೊಂಡು ಒಳಗೆ ಹೋದಳು. ಸಾರು ಚೆನ್ನಾಗಿತ್ತು, ಡಬ್ಬಿಗೆ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ನಂಜನಗೂಡಿಗೆ ಬಂದೆ.

ಆ ಆಯಮ್ಮನಿಗೆ ಆಮೇಲೆ ಏನಾಯಿತು ಎಂಬ ಕುತೂಹಲ ನನಗೆ ಹತ್ತಿತು. ಮುಂದಿನ ಭಾನುವಾರ ಅವ್ವನ ಜೊತೆ ಮಾತಿಗಾದರೂ ಆಗುತ್ತದೆ ಎಂದು ಫೋನಿನಲ್ಲಿ ಆ ಸೀರಿಯಲ್ಲು ಹುಡುಕಿದೆ. ಹಳೆಯದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ, ಅಡುಗೆ ಮಾಡುವಾಗ, ನೋಡುತ್ತಾ ಹೋದೆ. ಆಯಮ್ಮ ದುಂಡುದುಂಡಗೆ ಇದ್ದಳು. ಮದುವೆಮನೆಯ ಸೀರೆ ಉಟ್ಟುಕೊಂಡೇ ಮಲಗಿ, ಉಟ್ಟುಕೊಂಡೇ ಏಳುತ್ತಿದ್ದಳು. ಸೊಸೆಯನ್ನು ಮನೆಯಿಂದ ಓಡಿಸಲು ಒಂದೊಂದು ದಿನ ಒಂದೊಂದು ಕುತಂತ್ರ ಮಾಡುತ್ತಿದ್ದಳು. ಗಂಟೂ ಇಲ್ಲ, ಡಾಕ್ಟರೂ ಇಲ್ಲ, ಗದ್ದೆಯಂತೂ ಇಲ್ಲವೇ ಇಲ್ಲ.

ಊಟದ ಬಿಡುವಿನಲ್ಲಿ ತಮ್ಮನ ಹೆಂಡತಿಗೆ ಫೋನು ಮಾಡಿದೆ. ಅವ್ವ ನೋಡುವ ಸೀರಿಯಲ್ಲು ಯಾವುದು ಎಂದು ಕೇಳಿದೆ. “ಅದೇ ಅಕ್ಕ, ಏಳ್ ಗಂಟೇದು” ಅಂದಳು.

“ಅದ್ರಲ್ಲಿ ಅತ್ತೆಗೆ ಎದೇಲಿ ಗಂಟಾಯ್ತಾ?”

“ಇಲ್ವಲ್ಲ. ನಂಗೂ ಅತ್ತೆ ಅಂಗೇ ಯೋಳುದ್ರು. ಬ್ಯಾರೆ ಚಾನಲ್ದು ಏನೋ ಅನ್ಕಂಡೆ.”

ಫೋನಿನ ಆ ಕಡೆ ಕುಕ್ಕರು ಕೂಗುತ್ತಿತ್ತು. ಅವಳು ಬಹಳ ಮೆಲ್ಲಗೆ, “ಅಕ್ಕ, ಮಾವನ್ಗೂ ಯೋಳುದ್ರು. ಮಾವ ಕಿವೀದ್ ತಗ್ದು ಕೇಳುಸ್ಕಂಡು, ಮತ್ತ್ ಆಕ್ಕಂಡ್ರು” ಅಂದಳು. ನಾನು ರಜೆ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ. ಅವತ್ತು ಹುಣ್ಣಿಮೆ, ದೇವಸ್ಥಾನಕ್ಕೆ ಬಂದವರಿಂದ ಬಸ್ಸು ತುಂಬಿತ್ತು. ಕಪಿಲೆಯ ಸೇತುವೆ ದಾಟಿ ನರಸೀಪುರದವರೆಗೂ ನಿಂತೇ ಹೋದೆ. ಮೊದಲಾಗಿದ್ದರೆ, ನಡುಮನೆಯಲ್ಲಿ ಎಲ್ಲರೂ ಕೂತಿದ್ದಾಗ ಅವ್ವ ಈ ಮಾತು ಆಡಿದ್ದರೆ, ಜಾಹೀರಾತು ಮುಗಿಯುವ ಮೊದಲೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಈಗ ಒಬ್ಬೊಬ್ಬರಿಗೂ ಒಂದೊಂದು ಕತೆ. ಅವ್ವ ಹೇಳಿದ್ದು ಇನ್ಯಾರದೋ ಕತೆ ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದೆವು.

ನಾನು ಹೋದಾಗ ಅವ್ವ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ವಾರದ ನಡುವೆ ಬಂದವಳನ್ನು ಕಂಡು ಎದ್ದುನಿಂತಳು.

“ಅವ್ವ, ಗಂಟು ನಿಂಗಲ್ವಾ?”

“ಸೀರಿಯಲ್ದು ಅಂದ್ನಲ್ಲ.”

“ಸೀರಿಯಲ್ ನೋಡ್ದೆ. ಇಲ್ಲ ಅದ್ರಲ್ಲಿ.”

ಅವ್ವ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ನೋಡ್ದಾ?” ಎಂದು ಕೇಳಿದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವಳ ನಾಚಿಕೆ ಇರಲಿಲ್ಲ, ಬಹಳ ಹೊತ್ತು ಕಾದು ನಿಂತವಳಿಗೆ ಕೊನೆಗೂ ಬಸ್ಸು ಬಂದ ಹಾಗಿತ್ತು. ಬಚ್ಚಲುಮನೆಗೆ ಕರೆದುಕೊಂಡು ಹೋಗಿ ಸೆರಗು ಸರಿಸಿ ತೋರಿಸಿದಳು. ಎಡಗಡೆ, ಹಲಸಿನ ಬೀಜದಷ್ಟು ಗಾತ್ರ. ಮುಟ್ಟಿದರೆ ಗಟ್ಟಿಯಾಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಅಂದರು. ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡುತ್ತೇವೆ, ವಾಸಿಯಾಗುವವರೂ ಇದ್ದಾರೆ, ಆಗದವರೂ ಇದ್ದಾರೆ, ಈಗಲೇ ಮಾತು ಕೊಡಲಾರೆವು ಅಂದರು ಡಾಕ್ಟರು. ಆ ಡಾಕ್ಟರು ನೇರ ಮನುಷ್ಯ. ‘ವಿಷಯಕ್ಕೆ ಬನ್ನಿ’ ಅನ್ನುವ ನಾನೇ ಅವತ್ತು, ಇವರು ಇನ್ನಷ್ಟು ಸುತ್ತಿ ಬಳಸಿ ಹೇಳಬಾರದಿತ್ತೇ ಅಂದುಕೊಂಡೆ. ಇದನ್ನು ಬರೆಯುವ ಹೊತ್ತಿಗೂ ಅವ್ವನ ಚಿಕಿತ್ಸೆ ನಡೆಯುತ್ತಲೇ ಇದೆ.

ಮನೆಯಲ್ಲಿ ಎಲ್ಲರಿಗೂ ವಿಷಯ ತಿಳಿಯಿತು, ಒಬ್ಬರೂ ಅದರ ಹೆಸರೆತ್ತಲಿಲ್ಲ. ಅವ್ವನನ್ನು ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ತಮ್ಮ ಅವಳಿಗೊಂದು ಹೊಸ ಫೋನು ತಂದುಕೊಟ್ಟು ಸೀರಿಯಲ್ಲುಗಳನ್ನೆಲ್ಲ ತುಂಬಿಸಿದ, ಹೊತ್ತು ಹೋಗಲಿ ಎಂದು. ಅವ್ವ ಅದನ್ನು ದಿಂಬಿನ ಕೆಳಗಿಟ್ಟಳು, ತೆಗೆಯಲಿಲ್ಲ. ಅಪ್ಪನ ಸ್ಥಿತಿ ಎಲ್ಲರಿಗಿಂತ ಕೆಟ್ಟದ್ದು. ಬೆಳಗಾದರೆ ಗದ್ದೆಗೆ ಹೋಗುವನು, ಬಂದು ಕೊಟ್ಟಿಗೆಯಲ್ಲಿ ಕೂರುವನು. ಕೋಣೆಯ ಬಾಗಿಲವರೆಗೂ ಬಂದು ನಿಂತು, ಅವ್ವನ ಮುಖ ನೋಡದೆ, ಮೊಮ್ಮಗಳನ್ನು “ಉಂಡ್ಲಾ?” ಎಂದು ಕೇಳಿ ಹೋಗುವನು. ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಅವ್ವ ಹೊರಗಿನ ಹೆಜ್ಜೆ ಸಪ್ಪಳಕ್ಕೆ ಕಣ್ಣು ಬಿಡುವಳು, ಅದು ದೂರವಾದ ಮೇಲೆ ಮುಚ್ಚುವಳು. ಕಾಯಿಲೆಗಿಂತ ಹೆಚ್ಚಾಗಿ ಈ ಒಂಟಿತನ ಅವ್ವನನ್ನು ತಿನ್ನುತ್ತದೆ ಅನ್ನಿಸುತ್ತಿತ್ತು.

ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ಸಮಾಧಾನ ಹೇಳುವ ಒಬ್ಬ ಹುಡುಗಿ ಇದ್ದಳು. ಎಲ್ಲರೂ ಒಟ್ಟಿಗೆ ಕೂತು ಮನಸ್ಸು ಬಿಚ್ಚಿ ಮಾತಾಡಿ, ಭಯವನ್ನು ಭಯ ಅಂತಲೇ ಹೇಳಿ ಅಂದಳು. ನನಗೆ ಬೇಕಾಗಿದ್ದ ಮಾತು ಅದು. ಮುಂದಿನ ಭಾನುವಾರ ಎಲ್ಲರ ಫೋನನ್ನೂ ಇಸಿದುಕೊಂಡು ಬೀರುವಿನ ಮೇಲಿಟ್ಟು, ಅವ್ವನ ಸುತ್ತ ಕೂರಿಸಿದೆ. “ಈಗ ಒಬ್ಬೊಬ್ರೇ ಮನಸಲ್ಲಿರೋದ್ನ ಹೇಳಿ” ಅಂದೆ, ಕಚೇರಿಯಲ್ಲಿ ಅನ್ನುವ ದನಿಯಲ್ಲೇ. ಎಲ್ಲರೂ ಪಂಚಾಯ್ತಿಗೆ ಹಿಡಿದು ತಂದವರ ಹಾಗೆ ನೆಲ ನೋಡುತ್ತಾ ಕೂತರು. ತಮ್ಮ ಕೆಮ್ಮಿದ. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನನ್ನು ಬಲವಂತಕ್ಕೆ ಹೊಸ್ತಿಲ ಮೇಲೆ ಕೂರಿಸಿದ್ದೆ, ಅವನು “ಎಮ್ಮೆ ಬಿಚ್ಕಂಡೋಗದೆ” ಎಂದು ಎದ್ದು ಹೋದ. ಎಮ್ಮೆ ಕಟ್ಟಿದ ಜಾಗದಲ್ಲೇ ಇತ್ತು.

ಅವ್ವ ನನ್ನನ್ನು ಕನಿಕರದಿಂದ ನೋಡಿ, “ಯಾಕ್ ಮಗ ಎಲ್ರಿಗೂ ಇಂಸೆ ಕೊಟ್ಟೀಯೆ” ಅಂದಳು. ಎಲ್ಲರಿಗೂ ಫೋನು ವಾಪಸು ಕೊಟ್ಟೆ. ನನಗೆ ಕೋಪ ಬಂದಿತ್ತು, ಕೋಪಕ್ಕಿಂತ ಹೆಚ್ಚಾಗಿ ದುಃಖ. ಹೇಳದೆ ಕೇಳದೆ ಅವ್ವ ನಮ್ಮ ಕೈಬಿಟ್ಟು ಹೋದರೆ ಏನು ಮಾಡುವುದು ಎಂದು ಹಿತ್ತಿಲಿಗೆ ಹೋಗಿ ಅತ್ತೆ.

ಕೀಮೋ ಆಗಿ ಬಂದ ಒಂದು ಸಂಜೆ. ನಾನು ರಜೆ ಹಾಕಿ ಅಲ್ಲಿಯೇ ಇದ್ದೆ. ಏಳು ಗಂಟೆಗೆ ರೂಢಿಯಂತೆ ಯಾರೋ ಟೀವಿ ಹಾಕಿದ್ದರು. ಕೋಣೆಯ ಬಾಗಿಲಿನಿಂದ ಟೀವಿ ಕಾಣುತ್ತದೆ. ಆಯಮ್ಮ ಜರತಾರಿ ಸೀರೆಯಲ್ಲಿ ಮೆಟ್ಟಿಲಿಳಿದು ಬರುತ್ತಿದ್ದಳು. ಅವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೆಚ್ಚು ಯೋಚಿಸದೆ ಕೇಳಿದೆ.

“ಅವ್ವ, ಆಯಮ್ಮಂಗೆ ಗಂಟಾಗಿತ್ತಲ್ಲ, ಈಗ ಹೆಂಗವ್ಳೆ?”

ಅವ್ವ ಈ ಕಡೆ ತಿರುಗಿದಳು. ಟೀವಿ ನೋಡಿದಳು, ನನ್ನನ್ನು ನೋಡಿದಳು. ಬಹಳ ದಿನದ ಮೇಲೆ ಅವಳ ಬಾಯ ತುದಿಯಲ್ಲಿ ನಗೆಯಂಥದ್ದು ಬಂತು.

“ಸುಮಾರಾಗವ್ಳೆ. ಬಾಯೆಲ್ಲ ಉಣ್ಣಾಗದೆ, ಯಾರ್ಗೂ ಯೋಳಿಲ್ಲ. ಕೂದ್ಲು ಉದ್ರುತಾ ಅದೆ. ತಲೆ ಬಾಚ್ಕಳಕ್ಕೆ ಎದ್ರುಕೊತಾಳೆ. ಸೊಸೆ ಕಸ ಗುಡುಸ್ವಾಗ ಕೂದ್ಲು ನೋಡಿ ಏಸಿಗೆ ಪಡ್ತಾಳೋ ಏನೋ ಅಂತವ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಮ್ಮನ ಹೆಂಡತಿ ಒಲೆ ಆರಿಸಿ ಬಂದು ಅವ್ವನ ಕಾಲ ಬಳಿ ನಿಂತು, ಟೀವಿಯನ್ನೇ ನೋಡುತ್ತಾ ಅಂದಳು.

“ಆ ಸೊಸೆ ಅಂಗೆಲ್ಲ ಅನ್ಕಳೋಳಲ್ಲ ಅತ್ತೆ. ಅವಳೇ ಬಾಚ್ತೀನಿ ಅಂತವ್ಳೆ. ಕೇಳಕ್ಕೆ ಅವ್ಳಿಗೂ ಬಾಯ್ ಬರ್ನಿಲ್ಲ.”

ಅವತ್ತು ಅವಳು ಅವ್ವನ ತಲೆ ಬಾಚಿದಳು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಬೆರಳಿಗೆ ಸುತ್ತಿ ಸುತ್ತಿ ಮಡಿಲಿಗೆ ಹಾಕಿಕೊಂಡಳು. ಉಳಿದದ್ದನ್ನು ತೆಗೆಸಿಬಿಡಬೇಕೋ ಬೇಡವೋ ಎಂಬುದೂ ಆಯಮ್ಮನ ಹೆಸರಿನಲ್ಲೇ ತೀರ್ಮಾನವಾಯಿತು. ಬಾಯಿಹುಣ್ಣಿನ ವಿಷಯ ಮಾರನೆಯ ದಿನ ಡಾಕ್ಟರಿಗೆ ಫೋನು ಮಾಡಿ ಹೇಳಿದೆ, ಔಷಧಿ ಕೊಟ್ಟರು.

ಅಲ್ಲಿಂದ ಏಳು ಗಂಟೆ ಮತ್ತೆ ಏಳು ಗಂಟೆಯಾಯಿತು. ಟೀವಿಯ ಸದ್ದು ಪೂರ್ತಿ ಇಳಿಸಿ, ಅಲ್ಲಿ ಆಯಮ್ಮ ತನ್ನ ಪಾಡಿಗೆ ಕುತಂತ್ರ ಮಾಡುತ್ತಿದ್ದರೆ, ಇಲ್ಲಿ ನಾವು ಅವಳಿಗೆ ಬೇರೆ ಕತೆ ಕಟ್ಟುತ್ತಿದ್ದೆವು. ತಮ್ಮನ ಮಗಳು ಕೊರಿಯಾ ಬಿಟ್ಟು ಬಂದು ಮಂಚದ ಪಕ್ಕ ಕೂತಳು. ಕತೆ ಕಟ್ಟುವುದರಲ್ಲಿ ಅವಳು ನಮ್ಮನ್ನೆಲ್ಲ ಮೀರಿಸಿದಳು. ಆಯಮ್ಮನ ಮೊಮ್ಮಗಳಿಗೆ ಅಜ್ಜಿಯ ಪಕ್ಕ ಮಲಗುವ ಆಸೆ, ಸೋಂಕು ತಗಲುತ್ತದೆಂದು ದೂರ ಇಟ್ಟಿದ್ದಾರೆ, ಅದಕ್ಕೇ ಅವಳಿಗೆ ಓದು ಹತ್ತುತ್ತಿಲ್ಲ ಎಂದು ಅವಳೇ ಒಂದು ದಿನ ಸೇರಿಸಿದಳು. ತಮ್ಮ ಆಯಮ್ಮನ ಮಗನನ್ನು ಬಯ್ದ. ಅವನು ಹೊಸ ಫೋನು ತಂದುಕೊಟ್ಟು ಎಲ್ಲ ಸರಿಹೋಯಿತು ಅಂದುಕೊಂಡ ಬೆಪ್ಪನಂತೆ. ಅವ್ವ ಆ ಮಗನನ್ನು ಬಿಟ್ಟುಕೊಡಲಿಲ್ಲ. ಪಾಪ, ಅವನಿಗೆ ತಿಳಿದದ್ದು ಅವನು ಮಾಡಿದ ಅಂದಳು.

ಸಾವಿನ ಮಾತೂ ಬಂತು. ಆಯಮ್ಮನಿಗೆ ಸಾಯುವುದಕ್ಕೆ ಅಷ್ಟೇನೂ ಚಿಂತೆ ಇಲ್ಲ, ತನ್ನ ಗಂಡನಿಗೆ ಬಿಪಿ ಇದೆ, ಅವನು ಕದ್ದು ಉಪ್ಪಿನಕಾಯಿ ತಿನ್ನುತ್ತಾನೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವಳಿಗೆ ಯೋಚನೆಯಂತೆ. ನಾವೆಲ್ಲ ನಕ್ಕೆವು. ನಗುವಾಗ ತಮ್ಮನ ಹೆಂಡತಿಯ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಆಸ್ಪತ್ರೆಯ ಹುಡುಗಿ ಹೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಮನೆಗೆ ಅದು ನಮ್ಮ ದಾರಿಯಲ್ಲೇ ಬರಬೇಕಿತ್ತು. ನಾನು ಮೂಗು ಮುರಿಯುತ್ತಿದ್ದ ಆ ಸುತ್ತುಬಳಸಿನ ದಾರಿಯಲ್ಲಿ ಎಲ್ಲರೂ ಬಂದು ಅವ್ವನ ಮಂಚ ಮುಟ್ಟಿದ್ದರು.

ಅಪ್ಪ ಒಬ್ಬ ಬಂದಿರಲಿಲ್ಲ. ಏಳು ಗಂಟೆಗೆ ಬಾಗಿಲ ಬಳಿ ಬಂದು ನಿಲ್ಲುವನು. ಮೊದಲಿನ ಹಾಗೆ ಬೆನ್ನು ನಮ್ಮ ಕಡೆ. ಇಯರ್‌ಫೋನು ಕೊರಳಲ್ಲಿ ನೇತಾಡುತ್ತಿರುತ್ತಿತ್ತು, ಕಿವಿಯಲ್ಲಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾನೆಂದು ನಮಗೆಲ್ಲ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಉಪ್ಪಿನಕಾಯಿಯ ಮಾತಿನ ಮಾರನೆಯ ದಿನದಿಂದ ಅಪ್ಪ ಉಪ್ಪಿನಕಾಯಿ ಮುಟ್ಟಲಿಲ್ಲ ಎಂದು ತಮ್ಮನ ಹೆಂಡತಿ ಹೇಳಿದಳು. ಆದರೆ ಮಾತಾಡಲಿಲ್ಲ.

ಆಪರೇಷನ್ನಿಗೆ ಕರೆದುಕೊಂಡು ಹೋಗುವ ಹಿಂದಿನ ಸಂಜೆ. ಚೀಲ ಕಟ್ಟಿಟ್ಟು ಆಗಿತ್ತು. ಬೆಳಿಗ್ಗೆ ಕಾರು ಬರುವುದಿತ್ತು. ಎಲ್ಲರೂ ಕೋಣೆಯಲ್ಲಿದ್ದೆವು, ಯಾರಿಗೂ ಕತೆ ಮುಂದುವರಿಸುವ ಧೈರ್ಯ ಇರಲಿಲ್ಲ. ಟೀವಿ ಸದ್ದಿಲ್ಲದೆ ಓಡುತ್ತಿತ್ತು. ಅವ್ವ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು ದಿಂಬಿಗೆ ಒರಗಿದ್ದಳು. ಆಗ ಬಾಗಿಲ ಕಡೆಯಿಂದ ಅಪ್ಪನ ದನಿ ಬಂತು. ಇತ್ತೀಚೆಗೆ ಅವನ ದನಿ ಕೇಳಿ ರೂಢಿ ತಪ್ಪಿತ್ತು, ನಾವೆಲ್ಲ ತಿರುಗಿದೆವು.

“ಅಲ್ಲ, ಆಯಮ್ಮನ್ ಗಂಡ ಏನ್ ಮಾಡ್ತಾವ್ನೆ?”

ಅವ್ವ ಟೀವಿಯನ್ನೇ ನೋಡುತ್ತಿದ್ದಳು.

“ಆವಯ್ಯನಾ? ದಿನಾ ಬಂದು ಬಾಗ್ಲಲ್ಲೇ ನಿಂತ್ಕತಾನೆ. ಒಳಿಕ್ ಬರಾಕಿಲ್ಲ.”

ಅಪ್ಪ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಮೊಮ್ಮಗಳು ಬಿಟ್ಟುಕೊಟ್ಟ ಜಾಗದಲ್ಲಿ, ಮಂಚದ ತುದಿಗೆ, ಅವ್ವನ ಕಾಲ ಬಳಿ ಕೂತ. ಕೀಮೋದಿಂದ ಅವಳ ಕಾಲು ಸದಾ ಜೋಮು ಹಿಡಿದಿರುತ್ತಿತ್ತು. ಅಪ್ಪ ಅವಳ ಪಾದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದ. ನಮ್ಮ ಕಡೆ ಗಂಡ ಹೆಂಡತಿಯ ಕಾಲು ಮುಟ್ಟುವುದಿಲ್ಲ. ಅವ್ವ ಗಾಬರಿಯಾಗಿ ಕಾಲೆಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ. ಅವಳು ಸುಮ್ಮನಾದಳು.

“ಮುಂದ್ಕೆ ಏನಾಯ್ತದೆ ಯೋಳು” ಅಂದ ಅಪ್ಪ, ಪಾದವನ್ನೇ ನೋಡುತ್ತಾ.

ಅವ್ವ ಟೀವಿಯಿಂದ ಕಣ್ಣು ತೆಗೆದು ಅಪ್ಪನನ್ನು ನೋಡಿದಳು. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳು ಅಪ್ಪನ ಮುಖ ನೋಡಿಕೊಂಡು ತನ್ನ ವಿಷಯ ಹೇಳಿದ್ದನ್ನು ನಾನು ಕಂಡಿರಲಿಲ್ಲ.

“ಮುಂದಿಂದು ನಂಗೊತ್ತಿಲ್ಲ ಕಣ್ರೀ. ನಂಗೆ ಭಯ ಆಯ್ತದೆ.”

ಒತ್ತುತ್ತಿದ್ದ ಅಪ್ಪನ ಕೈ ನಿಂತಿತು.

“ನಂಗೂವೆ ಕಣಮ್ಮಿ” ಅಂದ.